ಕಾಲೂರಿದರೆ ತಪ್ಪು

ಸೋಮವಾರ ಬೆಳಿಗ್ಗೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದವನು ಟ್ಯಾಕ್ಸಿ ಡ್ರೈವರ್. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಂ, ಆ ಬ್ರೇಕ್ ನಾನು ಮುಟ್ಟಿಲ್ಲ," ಎಂದ. "ಎಲ್ರೂ ಸೇರ್ಕೊಂಡು ನನ್ನನ್ನ ಗೇಟಿನ ಆಚೆ ಕಳಿಸಿದ್ರು. ನಿಮ್ಮ ಮೈದುನ ಅಲ್ಲೇ ಇದ್ರು, ಅವರನ್ನೇ ಕೇಳಿ."

ಅತ್ತಿಗೆ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಅವರು ಅದರಲ್ಲಿ ಒಂದಕ್ಷರ ಬರೆದದ್ದನ್ನು ನಾನು ಕಂಡಿಲ್ಲ. ಯೋಚಿಸುವಾಗ ಕೈಗೊಂದು ಕೆಲಸ ಬೇಕು, ಅಷ್ಟೆ. ಈ ಪತ್ತೇದಾರಿ ಕಚೇರಿಯನ್ನು ಅಣ್ಣ ಮತ್ತು ಅವರು ಸೇರಿ ತೆರೆದದ್ದು. ಅಣ್ಣ ತೀರಿಕೊಂಡ ಮೇಲೆ ತಲೆ ಅತ್ತಿಗೆಯದು, ಓಡಾಟ ನನ್ನದು.

"ನೀನು ಹೇಳು," ಎಂದರು ನನ್ನ ಕಡೆ ತಿರುಗಿ. "ಮೊದಲಿಂದ ಹೇಳು. ನಿನಗೆ ಮುಖ್ಯ ಅನ್ನಿಸಿದ್ದನ್ನ ಮಾತ್ರ ಅಲ್ಲ, ಎಲ್ಲಾ."

ಹೇಳಿದೆ. ಹೊಟ್ಟೆ ಕರಗಿಸಿ ಎಂದು ಡಾಕ್ಟರ್ ಬೈದ ಮೇಲೆ ನಾನು ಸೈಕಲ್ ಪೋಲೋ ಗುಂಪು ಸೇರಿದ್ದೆ. ಹಳೆಯ ಗೋದಾಮಿನ ಹಿಂದಿನ ಸಿಮೆಂಟ್ ಅಂಗಳದಲ್ಲಿ ಪ್ರತಿ ಭಾನುವಾರ ಆಟ. ಒಂದು ಕಡೆಗೆ ಮೂವರು. ಎಲ್ಲರೂ ಸೈಕಲ್ ಮೇಲೆ, ಬಲಗೈಯಲ್ಲಿ ಸುತ್ತಿಗೆಯಂಥ ಉದ್ದನೆಯ ಕೋಲು, ಎಡಗೈಗೆ ಇರುವ ಒಂದೇ ಬ್ರೇಕು. ಚೆಂಡನ್ನು ಎದುರಾಳಿಯ ಗೋಲಿಗೆ ಅಟ್ಟಬೇಕು. ಕಾಲು ಮಾತ್ರ ನೆಲಕ್ಕೆ ತಾಗಬಾರದು. ತಾಗಿತೋ, ಆಟ ಬಿಟ್ಟು ಅಂಗಳದ ನಡುವಿನ ಕಂಬ ಮುಟ್ಟಿ ಬರಬೇಕು. ಮೊದಲ ದಿನ ನಾನು ಚೆಂಡಿಗಿಂತ ಹೆಚ್ಚು ಸಲ ಕಂಬವನ್ನೇ ಮುಟ್ಟಿದ್ದೆ. ಯಾರೂ ಗೇಲಿ ಮಾಡಲಿಲ್ಲ. ಸೈಕಲ್ ಇಲ್ಲದವರಿಗೆ ಸೈಕಲ್, ಕೋಲು ಇಲ್ಲದವರಿಗೆ ಕೋಲು. ಯಾರ ಸೈಕಲನ್ನು ಯಾರು ಬೇಕಾದರೂ ಹತ್ತಬಹುದು.

ಆ ಪದ್ಧತಿ ಹಾಕಿಕೊಟ್ಟವರು ಕ್ಯಾಪ್ಟನ್. ಗುಂಪು ಕಟ್ಟಿದವರು, ಎಲ್ಲರಿಗೂ ಆಟ ಕಲಿಸಿದವರು, ನರೆತ ಮೀಸೆಯ ದೊಡ್ಡ ಆಳು. ಹೋದ ವಾರ ಇನ್ನೊಂದು ಗುಂಪಿನ ಜೊತೆಗಿನ ಸ್ನೇಹಪಂದ್ಯಕ್ಕೆ ಆಟಗಾರರನ್ನು ಆರಿಸುವಾಗ ಟ್ಯಾಕ್ಸಿ ಡ್ರೈವರನ್ನು ಕೈಬಿಟ್ಟಿದ್ದರು. ಇವನು ಸಿಟ್ಟಿನಲ್ಲಿ, "ನಿಮ್ಮ ಕಾಲ ಮುಗೀತು ಕ್ಯಾಪ್ಟನ್, ನೀವು ಚೆಂಡು ಹೊಡೆದದ್ದನ್ನ ನೋಡಿ ಎಷ್ಟು ದಿನ ಆಯ್ತು?" ಎಂದಿದ್ದ.

"ಹೇಳಿದ್ದೆ," ಎಂದ ಡ್ರೈವರ್. "ಬಾಯಿ ಜಾಸ್ತಿ ನಂದು. ಆದ್ರೆ ಬಾಯಿ ಬೇರೆ, ಬ್ರೇಕ್ ಬೇರೆ."

ಈ ಭಾನುವಾರ ಕ್ಯಾಪ್ಟನ್ ಮೊಣಕೈಗೆ, ಮೊಣಕಾಲಿಗೆ ದಪ್ಪ ಪಟ್ಟಿ ಕಟ್ಟಿಕೊಂಡು ಬಂದಿದ್ದರು. ಮುಖಕ್ಕೆ ಜಾಲರಿಯಿದ್ದ ಹೆಲ್ಮೆಟ್ಟು ಬೇರೆ. "ಯುದ್ಧಕ್ಕೆ ಹೊರಟ ಹಾಗಿದೆ," ಎಂದು ಬಡಗಿ ನಗಾಡಿದ. ಕೋಲುಗಳನ್ನೆಲ್ಲ ಕೆತ್ತಿಕೊಡುವವನು ಅವನೇ. ಎಂದಿನಂತೆ ಕ್ಯಾಪ್ಟನ್ ಮಗಳೇ ಬಂದು ಅಪ್ಪನ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. ಕ್ಯಾಪ್ಟನ್ ಎರಡೂ ಕೈಯಲ್ಲಿ ಬಾಟಲಿ ಹಿಡಿದು ನೀರು ಕುಡಿದು, ನನಗೆ ತಿರುವು ಹೊಡೆಯುವ ರೀತಿ ಹೇಳಿಕೊಡತೊಡಗಿದರು.

ಅಷ್ಟರಲ್ಲಿ ನರ್ಸ್ ಓಡಿ ಬಂದಳು. ಗುಂಪು ಸೇರಿ ಇನ್ನೂ ಎರಡು ತಿಂಗಳಾಗದ ಹುಡುಗಿ, ಆದರೆ ಚೆಂಡು ಅವಳು ಹೇಳಿದ ಹಾಗೆ ಕೇಳುತ್ತಿತ್ತು. ಬೆಳಿಗ್ಗೆ ಅವಳ ಟೈರಿಗೆ ಗಾಳಿ ಹಾಕಿಕೊಟ್ಟವನು ಡ್ರೈವರ್. ಆ ಗಾಳಿ ನಿಂತಿರಲಿಲ್ಲ.

"ಕ್ಯಾಪ್ಟನ್, ನಿಮ್ಮ ಸೈಕಲ್ ತಗೊಳ್ಲಾ?" ಎಂದಳು, ಆಗಲೇ ಹತ್ತಿ ಕೂತು.

ಕ್ಯಾಪ್ಟನ್ ಮಾತು ನಿಲ್ಲಿಸಿದರು. ಆಮೇಲೆ, "ತಗೋ ಮಗಳೇ. ಮೆಲ್ಲಗೆ ಆಡು," ಎಂದರು. ನನಗೆ ಹೇಳಿದ್ದನ್ನೇ ಮತ್ತೊಮ್ಮೆ ಮೊದಲಿನಿಂದ ಹೇಳತೊಡಗಿದರು.

ಆಟ ಬಿಸಿಯೇರಿತು. ಚೆಂಡು ಗೋಲು ದಾಟಿ ಇಟ್ಟಿಗೆ ಗೋಡೆಯ ಕಡೆ ಉರುಳಿತು. ನರ್ಸ್ ಅದರ ಬೆನ್ನು ಹತ್ತಿದಳು. ಗೋಡೆ ಹತ್ತಿರ ಬಂದರೂ ಸೈಕಲ್ ನಿಧಾನವಾಗಲಿಲ್ಲ. "ಬ್ರೇಕ್! ಬ್ರೇಕ್!" ಎಂದು ಎಲ್ಲರೂ ಕೂಗಿದೆವು. "ಕಾಲೂರು! ಕಾಲೂರು!" ಎಂದು ಕ್ಯಾಪ್ಟನ್ ಕಿರುಚಿದರು. ಆ ಸದ್ದನ್ನು ನಾನು ಮರೆಯಲಾರೆ, ಅವಳು ಗೋಡೆಗೆ ಬಡಿದ ಸದ್ದು.

ಬ್ರೇಕಿನ ತಂತಿ ಜಾರಿ ಬಂದಿತ್ತು. ತಂತಿಯನ್ನು ಬಿಗಿಹಿಡಿಯುವ ಬೋಲ್ಟನ್ನು ಯಾರೋ ಸಡಿಲಿಸಿದ್ದರು. ಅದಕ್ಕೆ ಬೇಕಾದ ಎಲ್ ಆಕಾರದ ಕೀಲಿ ಡ್ರೈವರನ ಜೇಬಿನಲ್ಲಿ ಸದಾ ಇರುತ್ತದೆ. ಬೆಳಿಗ್ಗೆ ಸೈಕಲ್‌ಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದವನೂ ಅವನೇ. ಕ್ಯಾಪ್ಟನ್ ಮೇಲಿನ ಹಗೆಗೆ ಪಾಪದ ಹುಡುಗಿ ಬಲಿಯಾದಳು ಎಂದು ಬಡಗಿ ಅವನ ಕೊರಳಪಟ್ಟಿ ಹಿಡಿದ. ಬಿಡಿಸಿದವರು ಕ್ಯಾಪ್ಟನ್. "ಹೋಗ್ಲಿ ಬಿಡಿ, ಪೊಲೀಸು ಗಿಲೀಸು ಬೇಡ. ಅವನು ಇನ್ನು ಬರೋದು ಬೇಡ, ಅಷ್ಟೇ," ಎಂದರು.

ಅತ್ತಿಗೆ ಪೆನ್ಸಿಲ್ ಕೆಳಗಿಟ್ಟರು. "ನಡಿ, ಆ ಸೈಕಲ್ ನೋಡೋಣ. ನೀನೂ ಬಾರಪ್ಪ."

ಕ್ಯಾಪ್ಟನ್ ಮಗಳು ಮುಖ ಗಂಟಿಕ್ಕಿಕೊಂಡೇ ಸೈಕಲ್‌ಗಳನ್ನಿಡುವ ಶೆಡ್ಡಿನ ಬೀಗ ತೆಗೆದಳು. ಮುಂದಿನ ಚಕ್ರ ಸೊಟ್ಟಗಾಗಿತ್ತು. ಅತ್ತಿಗೆ ಕನ್ನಡಕ ಏರಿಸಿಕೊಂಡು ಬೋಲ್ಟಿನ ಬಳಿ ಬಗ್ಗಿದರು. ಸುತ್ತಲಿನ ಕಪ್ಪು ಬಣ್ಣದ ಮೇಲೆ ಹೊಸ ಗೀರುಗಳು, ಅಡ್ಡಾದಿಡ್ಡಿ.

"ಇಲಿ ಕೆರೆದ ಹಾಗಿದೆ," ಎಂದೆ.

ಅತ್ತಿಗೆ ಪಕ್ಕದ ಸೈಕಲ್ ತೋರಿಸಿ, "ಇದರ ಬೋಲ್ಟ್ ಬಿಚ್ಚಿ ಹಾಕಪ್ಪ," ಎಂದರು. ಡ್ರೈವರ್ ತನ್ನ ಹೆಂಡತಿಯ ಬಗ್ಗೆ ಏನೋ ಹೇಳುತ್ತಲೇ, ಬೋಲ್ಟಿನ ಕಡೆ ಸರಿಯಾಗಿ ನೋಡದೆಯೇ ಬಿಚ್ಚಿ ಬಿಗಿದ. ಒಂದು ಗೀರೂ ಬೀಳಲಿಲ್ಲ.

ಅಲ್ಲಿಂದ ಆಸ್ಪತ್ರೆಗೆ ಹೋದೆವು. ತಾನು ಕೆಲಸ ಮಾಡುವ ವಾರ್ಡಿನಲ್ಲೇ ನರ್ಸ್ ಮಲಗಿದ್ದಳು. ಬಲ ಮೊಣಕೈ ಪುಡಿಯಾಗಿ ನರಕ್ಕೆ ಪೆಟ್ಟು ಬಿದ್ದಿತ್ತು. ಬೆರಳುಗಳು ಮಡಚುತ್ತಿರಲಿಲ್ಲ.

"ಶುರುವಿನಲ್ಲಿ ಬ್ರೇಕ್ ಹಿಡೀತಿತ್ತು ಅಮ್ಮಾ," ಎಂದಳು. "ಜೋರಾಗಿ ಒತ್ತಿದಾಗ ಒಮ್ಮೆಲೇ ಸೋತುಹೋಯ್ತು. ಇನ್ನು ಸೂಜಿ ಹಾಕೋಕಾಗಲ್ಲ ನಂಗೆ. ಡಾಕ್ಟರು ಹೇಳ್ಲಿಲ್ಲ, ಆದ್ರೆ ನಂಗೆ ಗೊತ್ತಾಗುತ್ತೆ."

ದಾರಿಯಲ್ಲಿ ಅತ್ತಿಗೆ ಒಂದೇ ಒಂದು ಪ್ರಶ್ನೆ ಕೇಳಿದರು. "ಕಾಲೂರು ಅಂತ ಕೂಗಿದ್ದು ಕ್ಯಾಪ್ಟನ್ ಒಬ್ಬರೇನಾ?"

"ಹೌದು. ಅವರೊಬ್ಬರೇ."

ಮುಂದಿನ ಭಾನುವಾರ ಅಂಗಳದಲ್ಲಿ ಎಲ್ಲರೂ ಸೇರಿದರು. ಆಟವಿರಲಿಲ್ಲ. ಕ್ಯಾಪ್ಟನ್ ಬೆಂಚಿನ ಮೇಲೆ, ಪಕ್ಕದಲ್ಲಿ ಮಗಳು. ಡ್ರೈವರನ್ನು ಕಂಡು ಬಡಗಿ ನೆಲಕ್ಕೆ ಉಗಿದ.

"ಉಗುಳೋಕೆ ಮುಂಚೆ ಕೇಳಿಸ್ಕೊಳ್ಳಿ," ಎಂದರು ಅತ್ತಿಗೆ. "ಬೋಲ್ಟಿನ ಸುತ್ತ ಹತ್ತಾರು ಗೀರು. ಕೀಲಿ ಮತ್ತೆ ಮತ್ತೆ ಜಾರಿದೆ. ಈ ಡ್ರೈವರ್ ಕೈ ಜಾರೋ ಕೈ ಅಲ್ಲ, ನಾನು ನೋಡಿದ್ದೀನಿ. ಇದು ನಡುಗೋ ಕೈ ಮಾಡಿದ ಕೆಲಸ. ಈ ಗುಂಪಿನಲ್ಲಿ ಬಾಟಲಿ ಎತ್ತೋಕೆ ಎರಡು ಕೈ ಬೇಕಾಗಿರೋದು ಯಾರಿಗೆ? ಹೆಲ್ಮೆಟ್ ಪಟ್ಟಿ ಮಗಳ ಕೈಲಿ ಹಾಕಿಸ್ಕೊಳ್ಳೋದು ಯಾರು?"

ಮಗಳು ಎದ್ದು ನಿಂತಳು. "ಏನು ಮಾತಾಡ್ತಿದ್ದೀರಿ? ಅದು ಅಪ್ಪನ ಸೈಕಲ್! ಅವರ ಸೈಕಲ್ಲೇ ಅವರು ಯಾಕೆ ಹಾಳು ಮಾಡ್ಕೋತಾರೆ?"

"ನಾನೂ ಅಲ್ಲೇ ತಡವರಿಸಿದೆ ತಾಯಿ. ಉತ್ತರ ಆ ಪಟ್ಟಿಗಳಲ್ಲಿತ್ತು. ಎಂದೂ ಕಟ್ಟದವರು ಅವತ್ತೇ ಯಾಕೆ ಮೊಣಕೈ, ಮೊಣಕಾಲು, ಮುಖ ಎಲ್ಲಾ ಮುಚ್ಕೊಂಡು ಬಂದ್ರು? ಅವತ್ತು ಬೀಳ್ತೀನಿ ಅಂತ ಗೊತ್ತಿದ್ದವರು ಮಾತ್ರ ಹಾಗೆ ಬರ್ತಾರೆ. ಬೀಳೋದೇ ಅವರ ಲೆಕ್ಕಾಚಾರ."

ಮಗಳು ಅಪ್ಪನ ಮುಖ ನೋಡಿದಳು.

"ಊಹೆ ಅನ್ನಬಹುದು ನೀವು. ಹಾಗಾದ್ರೆ ಕೊನೇದು ಕೇಳಿ. ಆ ಹುಡುಗಿ ಗೋಡೆ ಕಡೆ ಹೋಗ್ತಿದ್ದಾಗ ನೀವೆಲ್ಲ ಬ್ರೇಕ್ ಬ್ರೇಕ್ ಅಂತ ಕೂಗಿದ್ರಿ. ಬ್ರೇಕ್ ಇದೆ ಅಂದ್ಕೊಂಡಿದ್ದವರು ಕೂಗೋದೇ ಹಾಗೆ. ಕಾಲೂರಿದರೆ ತಪ್ಪು ಅಂತ ಈ ಅಂಗಳದಲ್ಲಿ ಎಲ್ಲರಿಗೂ ಕಲಿಸಿದ ಮನುಷ್ಯ ಮಾತ್ರ ಕಾಲೂರು ಅಂತ ಕಿರುಚಿದ್ರು. ಬ್ರೇಕ್ ಹಿಡಿಯಲ್ಲ ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ಎಲ್ಲರ ಕಣ್ಣೂ ಬೆಂಚಿನ ಕಡೆ ತಿರುಗಿದವು. ಕ್ಯಾಪ್ಟನ್ ಜೇಬಿನಿಂದ ಬಲಗೈ ತೆಗೆದು ತೊಡೆಯ ಮೇಲಿಟ್ಟರು. ಮೊದಲ ಬಾರಿಗೆ ಅದನ್ನು ಮುಚ್ಚಿಡಲು ಯತ್ನಿಸಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು.

"ವರ್ಷದಿಂದ ಹೀಗೆ," ಎಂದರು. "ಇವನು ಅಂದ ಮಾತು ನಿಜ ಇತ್ತು, ಅದಕ್ಕೇ ಚುಚ್ಚಿತು. ಕೈ ನಡುಗಿ ಆಟ ಬಿಟ್ಟ ಮುದುಕ ಅನ್ನಿಸ್ಕೊಳ್ಳೋದು ಬೇಡವಾಗಿತ್ತು. ಒಂದು ಸಲ ಜೋರಾಗಿ ಬಿದ್ರೆ, ಮಂಡಿ ಹೋಯ್ತು ಅಂತ ಹೇಳಿ ಮರ್ಯಾದೆಯಿಂದ ಬಿಡಬಹುದಿತ್ತು."

"ನನ್ನ ಹತ್ರ ಹೇಳೋಕಾಗ್ಲಿಲ್ವಾ ಅಪ್ಪಾ? ಇಷ್ಟು ದಿನ ಹೆಲ್ಮೆಟ್ ಪಟ್ಟಿ ಹಾಕಿದ್ದು ನಾನು. ನಂಗೆ ಗೊತ್ತಿರ್ಲಿಲ್ವಾ?" ಎಂದಳು ಮಗಳು.

"ಅವಳು ಕೇಳಿದಾಗ ಬೇಡ ಅನ್ನಬಹುದಿತ್ತಲ್ಲ?" ಎಂದ ಬಡಗಿ.

"ಯಾಕೆ ಅಂತ ಕೇಳ್ತಿದ್ಳು. ಏನು ಹೇಳ್ಲಿ? ಹಗುರ ಹುಡುಗಿ, ಏನೂ ಆಗಲ್ಲ ಅಂದ್ಕೊಂಡೆ. ಅವಳು ಗೋಡೆ ಕಡೆ ಹೋಗೋವರೆಗೂ ಅಂದ್ಕೋತಾನೇ ಇದ್ದೆ." ಅವರು ಡ್ರೈವರನ ಕಡೆ ನೋಡಿದರು. "ಆಮೇಲೆ ಎಲ್ರೂ ನಿನ್ನ ಹೆಸರು ಹೇಳಿದ್ರು. ನಾನು ಹೇಳ್ಲಿಲ್ಲ. ಅಲ್ಲ ಅಂತಲೂ ಹೇಳ್ಲಿಲ್ಲ."

ಬಡಗಿ ಡ್ರೈವರನ ಭುಜ ಮುಟ್ಟಲು ಹೋದ. "ತಪ್ಪಾಯ್ತು ಕಣೋ. ಬಾ, ಮುಂದಿನ ವಾರದಿಂದ ಮೊದಲಿನ ಹಾಗೆ…"

ಡ್ರೈವರ್ ಹಿಂದೆ ಸರಿದ. "ನನ್ನನ್ನ ನಂಬಿ ಕರೀತಿಲ್ಲ ನೀವು. ಬೇರೆಯವರು ಒಪ್ಪಿಕೊಂಡ್ರು ಅಂತ ಕರೀತಿದ್ದೀರಿ. ನಂಗೆ ಎರಡರ ವ್ಯತ್ಯಾಸ ಗೊತ್ತಾಗುತ್ತೆ." ಅತ್ತಿಗೆಗೆ ಕೈ ಮುಗಿದು ಹೊರಟುಹೋದ. ಬಡಗಿ ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕಿಸೆಗೆ ಹಾಕಿಕೊಂಡ.

ಪೊಲೀಸರಿಗೆ ಹೇಳುವುದೋ ಬಿಡುವುದೋ ನರ್ಸ್‌ಗೆ ಬಿಟ್ಟದ್ದು ಎಂದರು ಅತ್ತಿಗೆ. ಅವತ್ತೇ ಸಂಜೆ ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗಿ ಎಲ್ಲವನ್ನೂ ಹೇಳಿದರು. ಅವಳು ಕಿಟಕಿಯ ಕಡೆ ನೋಡುತ್ತಾ ಕೇಳಿಸಿಕೊಂಡಳು.

"ನಾನು ಹತ್ತಿದ್ದನ್ನ ಅವರು ನೋಡಿದ್ರಾ?"

"ನೋಡಿದ್ರು."

"ನಂಗೆ ಈ ಊರಲ್ಲಿ ಯಾರೂ ಇಲ್ಲ ಅಮ್ಮಾ," ಎಂದಳು. "ಬಿದ್ದ ದಿನದಿಂದ ಅವರೊಬ್ಬರೇ ದಿನಾ ಸಂಜೆ ಬರ್ತಿದ್ರು. ಇಲ್ಲೇ ಕೂತು ಗಂಜಿ ಕುಡಿಸ್ತಿದ್ರು. ಅರ್ಧ ಚೆಲ್ತಿತ್ತು. ನನಗಾಗಿ ದುಃಖಪಟ್ಟು ಕೈ ನಡುಗ್ತಿದೆ ಅಂದ್ಕೊಂಡಿದ್ದೆ. ನಮ್ಮಪ್ಪ ಇದ್ದಿದ್ರೂ ಅಷ್ಟು ನೋಡ್ಕೋತಿರ್ಲಿಲ್ಲ." ಅವಳು ತಿರುಗಿ ಅತ್ತಿಗೆಯನ್ನು ನೇರವಾಗಿ ನೋಡಿದಳು. "ಕೈ ಹೇಗೂ ಹೋಗಿತ್ತು. ಇದನ್ನಾದ್ರೂ ಬಿಡಬಹುದಿತ್ತು ನೀವು."

ಅತ್ತಿಗೆ ಜಾರಿದ್ದ ಹೊದಿಕೆಯನ್ನು ಅವಳ ಭುಜದವರೆಗೆ ಎಳೆಯಲು ಕೈ ಚಾಚಿದರು. ಅವಳು ಅದನ್ನು ಎಡಗೈಯಿಂದ ತಾನೇ ಎಳೆದುಕೊಂಡಳು.