ಕರಿನಾಯಿಯ ಪಟ್ಟಿ

ಹಳೆಯ ಚಪ್ಪಲಿಯನ್ನು ಒಮ್ಮೆ ಮೂಸಿದರೆ ಸಾಕು, ಅದನ್ನು ಮೆಟ್ಟಿದ್ದವನು ಹತ್ತು ವರ್ಷದ ಹಿಂದೆ ಯಾರ ಮನೆಗೆ ಕನ್ನ ಹಾಕಿದ್ದ ಎಂದು ಹೇಳಬಲ್ಲೆ. ನನ್ನ ಮೂಗಿಗೆ ಹೆದರಿ ನಲವತ್ತು ದರೋಡೆಕೋರರು ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ಚಪ್ಪಲಿ ರಿಪೇರಿ ನೆಪಕ್ಕೆ ಮಾತ್ರ.

ಅಂದು ಮಧ್ಯಾಹ್ನ ನನ್ನ ಅಂಗಡಿಯ ಎದುರೇ ಇಸ್ತ್ರಿಯಮ್ಮ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ನಾಯಿ ಕಚ್ಚಿ ಬಲಗೈ ಮೊಣಕೈವರೆಗೆ ಹರಿದಿತ್ತು. ಇಸ್ತ್ರಿಪೆಟ್ಟಿಗೆ ಎತ್ತುವ ಕೈ. ಬೆರಳು ಮಡಚುವುದೇ ಅನುಮಾನ ಎಂದರು ಡಾಕ್ಟರು. ಗಾಡಿಯ ಮೇಲೆ ಯಾರದೋ ಬಿಳಿ ಅಂಗಿ ಸುಟ್ಟು ಹೊಗೆಯಾಡುತ್ತಿತ್ತು.

ನಾನು ಊಟಕ್ಕೆ ಹೋಗಿದ್ದೆ. ಇದ್ದಿದ್ದರೆ ಆ ನಾಯಿಯ ದವಡೆಯನ್ನು ಎರಡು ಹೋಳು ಮಾಡಿಬಿಡುತ್ತಿದ್ದೆ.

*

ಮೂರನೆಯ ದಿನ, ನಮ್ಮೆಲ್ಲರ ಹೇಳಿಕೆ ಬರೆದುಕೊಂಡು ಹೋಗಿದ್ದ ಸಬ್‌ಇನ್‌ಸ್ಪೆಕ್ಟರ್ ಮೇಡಂ ಮತ್ತೆ ಬಂದರು. ಎದುರು ಬಂಗಲೆಯ ಕಂಟ್ರಾಕ್ಟರ್ ಗೇಟಿಗೊರಗಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

"ಬೀದಿನಾಯಿ ಮೇಡಂ. ನಮ್ದೂ ಕರೀದೇ, ಆದ್ರೆ ಕಟ್ಟಿಹಾಕಿತ್ತು. ಅಗೋ, ಅದೇ." ತೋರಿಸಿದ್ದು ಚರಂಡಿ ಪಕ್ಕ ಮಲಗಿದ್ದ ಕುಂಟ ಕರಿನಾಯಿಯನ್ನು.

ನನ್ನ ಮೈಯೆಲ್ಲ ಉರಿಯಿತು. ಹೋಗಿ ಅದರ ಬಾಯಿ ಅಗಲಿಸಿದೆ.

"ಎಣಿಸಿ ಮೇಡಂ. ಎರಡೇ ಹಲ್ಲು. ಅದ್ರಲ್ಲೊಂದು ಅಲ್ಲಾಡ್ತಿದೆ. ಬ್ರೆಡ್ಡೂ ನೆನೆಸಿ ಕೊಡ್ಬೇಕು ಇದಕ್ಕೆ."

"ಚಪ್ಪಲಿ ಹೊಲಿಯೋನು ಹಲ್ಲಿನ ಡಾಕ್ಟರ್ ಯಾವಾಗಾದ?" ಎಂದ ಕಂಟ್ರಾಕ್ಟರ್.

"ನಿಮ್ಮ ನಾಯಿ ಕೊರಳ ಪಟ್ಟಿ ತರ್ಸಿ," ಎಂದರು ಮೇಡಂ.

ಚರ್ಮದ ಪಟ್ಟಿ ಬಂತು. ಎಲ್ಲೂ ಹರಿದಿರಲಿಲ್ಲ. ನಾನು ಅದನ್ನು ಮಗುಚಿದೆ.

"ಹೋದ ತಿಂಗಳು ಈ ಬಕಲ್ ಹೊಲಿದಿದ್ದು ನಾನು. ಮೇಣ ಸವರಿದ ದಾರ, ಒಂದೊಂದು ತೂತಲ್ಲೂ ಎರಡೆರಡು ಸಲ ಎಳೀತೀನಿ. ನೋಡಿ, ನನ್ನ ತೂತುಗಳು ಕಿತ್ತು ಖಾಲಿ ಬಿದ್ದಿವೆ. ಪಕ್ಕದಲ್ಲಿ ಮಿಷಿನ್ ಹೊಲಿಗೆ. ದಾರ ಇನ್ನೂ ಹಾಲಿನ ಹಾಗಿದೆ. ನಾಯಿ ಅದನ್ನ ಕಿತ್ಕೊಂಡು ಬಂದಿದೆ, ಆಮೇಲೆ ಹೊಲಿಸಿದ್ದಾರೆ. ಎದುರಿಗಿರೋ ನನ್ನ ಬಿಟ್ಟು ಬೇರೆ ಕಡೆ ಯಾಕೆ ಹೋದ್ರು, ಕೇಳಿ!"

ಕಂಟ್ರಾಕ್ಟರನ ಕಡ್ಡಿ ನಿಂತಿತು. ಮರುಕ್ಷಣ ನಕ್ಕ.

"ಅದು ಹೋದ ವಾರವೇ ಕಿತ್ತಿತ್ತು. ಆಗಿಂದ ಸರಪಳೀಲಿ ಕಟ್ತಿದೀವಿ. ಈಯಮ್ಮನೇ ಬೀದಿನಾಯೀನ ಕೆಣಕಿರ್ತಾಳೆ."

ಇಸ್ತ್ರಿಯಮ್ಮ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಪಟ್ಟಿಯಲ್ಲಿ ಇಳಿಬಿಟ್ಟುಕೊಂಡು ಗಾಡಿಯ ಬಳಿ ನಿಂತಿದ್ದಳು.

"ಪಟ್ಟಿ ಒಂದೇ ಸಾಲದು," ಮೇಡಂ ನನ್ನ ಕಡೆ ತಿರುಗಿದರು. "ಹಿಂದಿನಿಂದ ಹಾರ್ತು, ಕರೀದು ಅನ್ನೋದಷ್ಟೇ ಈಯಮ್ಮಂಗೆ ಗೊತ್ತು. ಕಣ್ಣಾರೆ ಕಂಡೋರು ಇಲ್ದಿದ್ರೆ ಕಂಟ್ರಾಕ್ಟರ್ ಕೋರ್ಟಲ್ಲಿ ನುಣುಚ್ಕೋತಾರೆ."

"ಕೆಣಕಿದ್ಳಂತೆ!" ನನಗೆ ತಡೆಯಲಾಗಲಿಲ್ಲ. "ಬೆನ್ನು ತಿರುಗ್ಸಿ ಅಂಗಿ ಉಜ್ತಿದ್ಳು ಕಣಯ್ಯಾ! ಗೇಟಲ್ಲಿ ನಿಂತು ಫೋನಲ್ಲಿ ನಗ್ತಿದ್ದೆ ನೀನು. ಅದು ಮೂರು ಸಲ ಕಚ್ಚಿದ ಮೇಲೆ ಸೀಟಿ ಹೊಡೆದು ಒಳಗೆ ಕರ್ಕೊಂಡೆ!"

ಮೇಡಂ ನನ್ನ ಹಳೆಯ ಹೇಳಿಕೆಯ ಹಾಳೆ ತಿರುವಿದರು.

"ಊಟಕ್ಕೆ ಹೋಗಿದ್ದೆ ಅಂತ ಬರೆಸಿದ್ರಲ್ಲ, ಯಜಮಾನ್ರೆ?" ಎಂದರು ಮೇಡಂ, ಮೆಲ್ಲಗೆ.

ನಾನು ಪಟ್ಟಿಯನ್ನು ಕೆಳಗಿಟ್ಟೆ.

"ಒಳಗೇ ಇದ್ಯಾ, ಅಣ್ಣಾ?" ಇಸ್ತ್ರಿಯಮ್ಮ ಕೇಳಿದಳು. "ನಾನು ಕೂಗಿದ್ದು ನಿನ್ನನ್ನೇ."

"ಕೇಳಿಸ್ತು ತಂಗಿ. ಶಟರ್ ಎಳ್ಕೊಂಡೆ. ಸಂದೀಲಿ ನೋಡ್ತಾ ಕೂತಿದ್ದೆ."

ಅವಳು ಮುಖ ತಿರುಗಿಸಿದಳು.

"ಈ ಹೇಡಿ ಮಾತು ಯಾರು ನಂಬ್ತಾರೆ?" ಕಂಟ್ರಾಕ್ಟರ್ ಕಿರುಚಿದ.

"ತನ್ನ ಮಾನ ತಾನೇ ಕಳ್ಕೊಂಡು ಯಾರೂ ಸುಳ್ಳು ಹೇಳಲ್ಲ," ಎಂದರು ಮೇಡಂ. "ಪಟ್ಟಿಯೂ ಅದನ್ನೇ ಹೇಳ್ತಿದೆ. ಸಾಕೋದು ನಿಮ್ಮಿಷ್ಟ ಸ್ವಾಮಿ, ಕಚ್ಚಿದ್ರೆ ಹೊಣೆ ನಿಮ್ದು. ಕರೆಯೋಕೆ ಆಗ್ತಿದ್ರೂ ನಿಂತು ನೋಡಿದ್ರಲ್ಲ, ಅದು ಇನ್ನೊಂದು ತಪ್ಪು. ಹತ್ತಿ ಜೀಪು."

ಮೇಡಂ ಹೊಸ ಹಾಳೆ ತೆಗೆದು, ಎಲ್ಲಿಂದ ಶುರು ಮಾಡೋಣ ಎಂದರು. ಹೆದರಿ ಬಾಗಿಲು ಹಾಕಿಕೊಂಡೆ ಎಂಬ ಸಾಲನ್ನೇ ಮೊದಲು ಬರೆಸಿದೆ.