ಕುಡಿತ ಬಿಡಿಸುವ ಪುಡಿ

ನನ್ನ ತಲೆ ಟಾನಿಕ್ ಹಂಡೆಯಲ್ಲಿ ಮುಳುಗಿತ್ತು.

ಮೂರನೇ ಸಲ!

ಕುತ್ತಿಗೆಯ ಮೇಲೆ ಗೂಳಿಯ ಕೈ. ಗೂಳಿ ಅಂದರೆ ನಾಲ್ಕು ಕಾಲಿನದ್ದಲ್ಲ, ಆ ಔಷಧಿ ಕಂಪನಿಯ ಕಾವಲುಗಾರ. ಅಡ್ಡಹೆಸರು ಇಟ್ಟವರು ಅಳತೆ ನೋಡಿಯೇ ಇಟ್ಟಿದ್ದರು. ಮೂಗು, ಕಿವಿ, ಬಾಯಿ... ಎಲ್ಲ ಕಡೆಯಿಂದಲೂ ಟಾನಿಕ್ ನುಗ್ಗುತ್ತಿತ್ತು. "ನರಗಳಿಗೆ ನವಚೈತನ್ಯ" ಅಂತ ಟ್ರಾಮ್‌ಗಳ ಮೇಲೆಲ್ಲ ಬರೆಸಿದ್ದರಲ್ಲ, ಅದೇ. ವಾಸನೆಯಲ್ಲೇ ಗೊತ್ತಾಯಿತು. ಮುಕ್ಕಾಲು ಪಾಲು ಬ್ರಾಂದಿ, ಮಿಕ್ಕಿದ್ದು ಸಕ್ಕರೆಪಾಕ.

ಹೊರಕ್ಕೆ ಎಳೆದ.

"ಯಾರು ಕಳ್ಸಿದ್ದು, ಬೊಗಳೋ!"

"ನಿಮ್ಮಜ್ಜಿ!"

ಮತ್ತೆ ಒಳಗೆ. ನಾಲ್ಕನೇ ಸಲ.

ಪಕ್ಕದಲ್ಲಿ ಪ್ರೊಫೆಸರ್ ಜೇಬುಗಡಿಯಾರ ಹಿಡಿದು ನಿಂತಿದ್ದ. ಕಂಪನಿಯ ಯಜಮಾನ. ಯಾವ ಕಾಲೇಜಿನ ಪ್ರೊಫೆಸರೋ ದೇವರಿಗೇ ಗೊತ್ತು! ಬಾಟಲಿಯ ಮೇಲೆ ಅವನ ಹೆಸರಿಗೆ ವಿಲಾಯತಿ ಡಿಗ್ರಿಯ ಸೀಮೆ ಅಕ್ಷರಗಳ ಉದ್ದನೆಯ ಬಾಲ ಇತ್ತು. ಗವರ್ನರ್ ಸಾಹೇಬರ ಹೆಂಡತಿಯೂ ಇದನ್ನೇ ಕುಡಿಯುತ್ತಾರಂತೆ. ದೊರೆಗಳ ಕಾಲ ನೋಡಿ, ಸೀಮೆ ಅಕ್ಷರ ಅಂಟಿಸಿ ಕೊಟ್ಟರೆ ಜನ ಮಣ್ಣನ್ನೂ ನುಂಗುತ್ತಿದ್ದರು.

ನನಗೆ ಬೇಕಾಗಿದ್ದು ಒಂದೇ ಒಂದು ಕಾಗದ. ನಮ್ಮತ್ತೆ ಬರೆದ ಕಾಗದ. ಅದಕ್ಕಾಗಿ ಆಫೀಸಿನ ಬೀರುವಿಗೆ ಕೈ ಹಾಕಿದಾಗಲೇ ಸಿಕ್ಕಿಬಿದ್ದಿದ್ದೆ.

ನನ್ನ ಕಸುಬು ನಿಮಗೆ ಗೊತ್ತಲ್ಲ. ಸಿಕ್ಕಿಕೊಂಡವರನ್ನು ಬಿಡಿಸುವುದು, ಕೈತಪ್ಪಿದ್ದನ್ನು ತಂದುಕೊಡುವುದು. ಕಳ್ಳರಿಗೂ ಹೆದರಿದವನಲ್ಲ, ಪೊಲೀಸರಿಗೂ ಹೆದರಿದವನಲ್ಲ. ಅತ್ತೆಗೆ ಹೆದರುತ್ತೇನೆ. ಅವತ್ತು ಬೆಳಿಗ್ಗೆ ನೋಡಿದರೆ ಅತ್ತೆಯೇ ಹೆದರಿ ನಡುಗುತ್ತಿದ್ದರು.

"ಅಳಿಯಂದ್ರೇ, ನನ್ನ ಮಾನ ಹೋದ್ರೆ ಹೋಗ್ಲಿ. ಅವರು ಮತ್ತೆ ಕುಡಿಯೋಕೆ ಶುರು ಮಾಡಿದ್ರೆ ಏನ್ ಮಾಡ್ಲಿ?"

ಅವರು ಅಂದರೆ ಮಾವ. ಮೂರು ವರ್ಷದ ಹಿಂದೆ ಹಾಸಿಗೆಗಿಂತ ಚರಂಡಿಯಲ್ಲಿ ಮಲಗಿದ್ದೇ ಹೆಚ್ಚು. ಆಮೇಲೆ ಬಿಟ್ಟೇಬಿಟ್ಟರು! ಈಗ ಊರೂರಿಗೆ ಹೋಗಿ ಭಾಷಣ. "ಮನಸ್ಸು ಗಟ್ಟಿ ಮಾಡಿದೆ, ಬಿಟ್ಟೆ! ನನ್ನ ಕೈಲಾಗಿದ್ದು ನಿಮ್ಮ ಕೈಲಾಗಲ್ವಾ?" ಆ ಒಂದು ಮಾತಿನ ಬಲದ ಮೇಲೆ ಆ ಮನುಷ್ಯ ತಲೆಯೆತ್ತಿ ಓಡಾಡುತ್ತಿದ್ದರು.

ಅತ್ತೆಗೆ ಗೊತ್ತಿದ್ದ ಕತೆ ಬೇರೆ. ಪೇಪರಿನಲ್ಲಿ ಒಂದು ಜಾಹೀರಾತು ಬಂದಿತ್ತು. "ಗಂಡನಿಗೆ ತಿಳಿಯದಂತೆ ಕಾಫಿಗೆ ಬೆರೆಸಿ, ಕುಡಿತ ಬಿಡಿಸಿ! ನಮ್ಮ ಲೇಡಿ ಡಾಕ್ಟರಿಗೆ ಬರೆಯಿರಿ. ಗುಟ್ಟು ರಟ್ಟಾಗದು!" ಅತ್ತೆ ಬರೆದರು. ಪುಡಿ ಬಂತು. ದಿನಕ್ಕೊಂದು ಚಮಚ, ಮೂರು ವರ್ಷ. ಕುಡಿತ ನಿಂತ ಖುಷಿಗೆ, ಕಣ್ಣೀರು ಹಾಕುತ್ತಾ, ಲೇಡಿ ಡಾಕ್ಟರಿಗೆ ಒಂದು ಥ್ಯಾಂಕ್ಸ್ ಕಾಗದ ಬರೆದು, ಇಬ್ಬರ ಫೋಟೋವನ್ನೂ ಕಳಿಸಿದ್ದರು.

ಈಗ ಮಾವ ಹೆಸರುವಾಸಿ. ಪ್ರೊಫೆಸರ್ ಬಿಡುತ್ತಾನೆಯೇ? ಆ ಕಾಗದವನ್ನು ಭಾನುವಾರದ ಪೇಪರಿನಲ್ಲಿ ಹಾಕಿಸಲು ಹೊರಟಿದ್ದ. ಗಂಡ ಹೆಂಡತಿಯ ಹೆಸರು, ವಿಳಾಸ, ಫೋಟೋ ಸಮೇತ! ಅತ್ತೆ ಹೋಗಿ ಕೈಮುಗಿದರೂ ಕೇಳಲಿಲ್ಲ. ಗಟ್ಟಿ ಇದ್ದದ್ದು ತನ್ನ ಮನಸ್ಸಲ್ಲ, ಹೆಂಡತಿಯ ಪುಡಿ ಅಂತ ಮಾವ ಓದಿದರೆ ಮುಗಿಯಿತು. ನೇರ ಹೆಂಡದಂಗಡಿಗೆ.

ಅವತ್ತು ಶನಿವಾರ. ಪೇಪರಿನ ಮೆಷಿನ್ ನಾಲ್ಕಕ್ಕೆ ಶುರು. ಪ್ರೊಫೆಸರನ ಗಡಿಯಾರದಲ್ಲಿ ಆಗಲೇ ಮೂರು!

ಗೂಳಿ ಮತ್ತೆ ಮೇಲೆತ್ತಿದ. ಸೋತೆ ಅಂತ ಕೈಸನ್ನೆ ಮಾಡಿದೆ. ಪ್ರೊಫೆಸರ್ ಕಿವಿಗೊಡಲು ಬಗ್ಗಿದ.

ಬಾಯಿತುಂಬ ಹಿಡಿದಿದ್ದ ಟಾನಿಕ್ಕನ್ನು ಅವನ ಕಣ್ಣಿಗೇ ಉಗಿದೆ!

"ಅಯ್ಯಯ್ಯೋ! ಉರಿ! ಉರಿ!"

ಹಂಡೆಯ ನಲ್ಲಿಗೆ ಒಂದು ಒದೆ. ನೆಲವೆಲ್ಲ ಪಾಕ. ಗೂಳಿ ಒಂದು ಹೆಜ್ಜೆ ಇಟ್ಟ, ಜಾರಿದ, ಧೊಪ್ಪೆಂದು ಬಿದ್ದ. ನಾನು ಓಟ ಕಿತ್ತೆ.

ಮಹಡಿ ಹತ್ತಿದರೆ ಎದುರಿಗೆ ಒಂದೇ ಬಾಗಿಲು. "ಲೇಡಿ ಡಾಕ್ಟರ್. ಗಂಡಸರಿಗೆ ಪ್ರವೇಶವಿಲ್ಲ."

ನುಗ್ಗಿದೆ.

ಒಳಗೆ ಕಾಗದದ ಕಟ್ಟುಗಳು ಸೂರಿನವರೆಗೆ. ನಡುವೆ ಅರವತ್ತು ದಾಟಿದ ಒಬ್ಬ ಮುದುಕ. ಪೊದೆಮೀಸೆ! ಮುಂದಿದ್ದ ಹಾಳೆಯಲ್ಲಿ ಮುದ್ದಾದ ಅಕ್ಷರ: "ಪ್ರಿಯ ಸೋದರಿ, ಒಬ್ಬ ಹೆಣ್ಣಾಗಿ ನಿಮ್ಮ ನೋವು ನನಗೆ ಅರ್ಥವಾಗುತ್ತದೆ..."

"ಲೇಡಿ ಡಾಕ್ಟರ್ ಎಲ್ಲಿ?"

"ನಾನೇ ಸ್ವಾಮಿ."

ಹೊರಗೆ ಹೆಜ್ಜೆ ಸದ್ದು. ನನ್ನ ಕತೆ ಮುಗಿಯಿತು ಅಂದುಕೊಂಡೆ. ಬಾಗಿಲು ಒಡೆಯಲಿಲ್ಲ. ಮೆಲ್ಲಗೆ ತಟ್ಟಿದ ಸದ್ದು!

"ಅಮ್ಮಾವ್ರೇ... ನಾನು, ಕಾವಲಿನವನು. ಒಳಗ್ಯಾರಾದ್ರೂ ಬಂದ್ರಾ?"

ನಾಲ್ಕು ವರ್ಷದಿಂದ ಅಲ್ಲೇ ಕೆಲಸ ಮಾಡುತ್ತಿದ್ದ ಆ ಪ್ರಾಣಿ, ಅಮ್ಮಾವರು ಹಿಂದಿನ ಮೆಟ್ಟಿಲಿಂದ ಬಂದು ಹೋಗುತ್ತಾರೆ ಅಂತಲೇ ನಂಬಿದ್ದ!

ಮುದುಕ ಗಂಟಲು ಸಣ್ಣ ಮಾಡಿದ. "ಇಲ್ಲಪ್ಪಾ. ಬಟ್ಟೆ ಬದಲಾಯಿಸ್ತಿದ್ದೀನಿ, ಒಳಗೆ ಬರಬೇಡ."

"ಅಯ್ಯೋ, ತಪ್ಪಾಯ್ತು ತಾಯಿ! ನೀವು ಬರೆದಿದ್ದ ಎಣ್ಣೆಯಿಂದ ನಮ್ಮಮ್ಮನ ಮಂಡಿನೋವು ಎಷ್ಟೋ ವಾಸಿ..."

"ಒಳ್ಳೇದಾಗ್ಲಿ. ಹೋಗ್ಬಾ."

ನಾನು ಅಂಗಿಯ ತೋಳು ಕಚ್ಚಿಕೊಂಡು ನಗು ತಡೆದೆ. ಆಮೇಲೆ ಬಂದ ಕಾರಣ ಹೇಳಿದೆ. ಮುದುಕನ ಮುಖ ಬಾಡಿತು.

"ಆಯಮ್ಮ ಚೆನ್ನಾಗಿ ನೆನಪಿದ್ದಾರೆ. ಪುಡಿ ಹಾಕುವಾಗ ಕೈ ನಡುಗುತ್ತೆ, ಪಾಪ ಬರುತ್ತಾ ಅಂತ ಕೇಳಿದ್ರು. ಗುಟ್ಟು ಕಾಯ್ತೀನಿ ಅಂತ ಇದೇ ಕೈಯಲ್ಲಿ ಬರೆದುಕೊಟ್ಟೆ. ಸುಳ್ಳು ಬರೆಯೋದೇ ನನ್ನ ಹೊಟ್ಟೆಪಾಡು, ಒಪ್ಕೋತೀನಿ. ಆದ್ರೆ ಕೊಟ್ಟ ಮಾತು ಮಾತೇ ಅಲ್ವಾ ಸ್ವಾಮಿ?"

"ಕಾಗದ ಎಲ್ಲಿ?"

"ಬೆಳಿಗ್ಗೇನೇ ಪ್ರೆಸ್ಸಿಗೆ ಹೋಯ್ತು. ಯಜಮಾನ ಆರ್ಡರಿಗೆ ನನ್ನ ಕೈಲೇ ಬಲವಂತವಾಗಿ ಸಹಿ ಹಾಕಿಸಿಬಿಟ್ಟ. ನಡೀರಿ, ನಾನೂ ಬರ್ತೀನಿ!"

ಹಿಂದಿನ ಮೆಟ್ಟಿಲು. ನನ್ನ ಸೈಕಲ್. ಕ್ಯಾರಿಯರ್ ಮೇಲೆ ಲೇಡಿ ಡಾಕ್ಟರ್.

"ಒಂದು ಕೇಳ್ತೀನಿ," ಎಂದೆ, ಪೆಡಲ್ ತುಳಿಯುತ್ತಾ. "ಆ ಪುಡೀಲಿ ಏನಿದೆ?"

"ಸಕ್ಕರೆ."

"ಮತ್ತೆ?"

"ಇನ್ನಷ್ಟು ಸಕ್ಕರೆ."

ಸೈಕಲ್ ಚರಂಡಿಗೆ ಇಳಿಯುವುದು ಸ್ವಲ್ಪದರಲ್ಲಿ ತಪ್ಪಿತು!

ಹಿಂದೆ ಗಡಗಡ ಸದ್ದು. ತಿರುಗಿ ನೋಡಿದೆ. ಕಂಪನಿಯ ಜಾಹೀರಾತು ಗಾಡಿ! ಎರಡು ಕುದುರೆ, ಮೇಲೆ ಎರಡಾಳೆತ್ತರದ ಮರದ ಬಾಟಲಿ. ಲಗಾಮು ಗೂಳಿಯ ಕೈಯಲ್ಲಿ. ಪಕ್ಕದಲ್ಲಿ ಕೆಂಗಣ್ಣಿನ ಪ್ರೊಫೆಸರ್.

"ಹಿಡಿಯೋ! ಬಿಡಬೇಡ್ವೋ!"

ಎದುರಿಗೆ ರೈಲ್ವೆ ಸೇತುವೆ. ಅದರ ಕೆಳಗೆ ತಗ್ಗಾದ ಕಮಾನು.

ನಾವು ತಲೆ ಬಗ್ಗಿಸಿದೆವು. ಬಾಟಲಿ ಬಗ್ಗಿಸಲಿಲ್ಲ.

ಢಮಾರ್!

ಬಾಟಲಿ ಕಿತ್ತುಬಂದು ರಸ್ತೆಗೆ ಉರುಳಿತು. ಹಿಂದಿದ್ದ ಟ್ರಾಮ್ ನಿಂತಿತು. ಜನ ಸೇರಿದರು. ಕುದುರೆಗಳು ಮಾತ್ರ ಆರಾಮಾಗಿ ನಿಂತಿದ್ದವು.

ಪ್ರೆಸ್ಸು ತಲುಪಿದಾಗ ಮೂರು ನಲವತ್ತು. ಜಾಹೀರಾತಿನ ಪುಟಕ್ಕೆ ಅಚ್ಚುಮೊಳೆ ಜೋಡಿಸಿ ಚೌಕಟ್ಟು ಬಿಗಿದಾಗಿತ್ತು. ಮಧ್ಯದಲ್ಲೇ ಅತ್ತೆ ಮಾವನ ಫೋಟೋದ ಅಚ್ಚು. ಪಕ್ಕದಲ್ಲಿ ಅತ್ತೆಯ ಕಾಗದ, ಮಡಿಸಿದ ಹಾಗೇ.

ಫೋರ್‌ಮನ್ ತಲೆಯಾಡಿಸಿದ. "ಆಗಲ್ಲ ರೀ. ಜಾಹೀರಾತು ಕೊಟ್ಟವರ ಸಹಿ ಇಲ್ದೆ ಒಂದಕ್ಷರಾನೂ ಮುಟ್ಟಲ್ಲ. ಆರ್ಡರಿಗೆ ಸಹಿ ಹಾಕಿರೋದು ಲೇಡಿ ಡಾಕ್ಟರು."

ಮುದುಕ ಪೆನ್ನು ತೆಗೆದ. ಸರ್ರನೆ ಸಹಿ ಹಾಕಿದ.

ಫೋರ್‌ಮನ್ ಎರಡು ಸಹಿಯನ್ನೂ ನೋಡಿದ. ಮೀಸೆಯನ್ನೂ ನೋಡಿದ. "ನೀವಾ ಆಯಮ್ಮ? ನನ್ನ ಹೆಂಡತಿ ನಿಮಗೆ..."

"ಸೊಂಟನೋವು. ಈಗ ಹೇಗಿದ್ದಾರೆ?"

ಫೋರ್‌ಮನ್ ಪಾಪ, ಕೂತೇಬಿಟ್ಟ. ಆಮೇಲೆ ಎದ್ದು ಚೌಕಟ್ಟು ಸಡಿಲಿಸಿದ. "ಸರಿ, ತೆಗೀತೀನಿ. ಜಾಗ ಖಾಲಿ ಬಿಡೋ ಹಾಗಿಲ್ಲ. ಇದೇ ಅಳತೇದು ಬೇರೆ ಫೋಟೋ ಕೊಡಿ, ಹದಿನಾಲ್ಕು ಸಾಲು ಮ್ಯಾಟರ್ ಕೊಡಿ. ಹತ್ತೇ ನಿಮಿಷ!"

ಕಪಾಟಿನಲ್ಲಿ ಅದೇ ಅಳತೆಯ ಅಚ್ಚು ಒಂದೇ ಒಂದಿತ್ತು. ಪ್ರೊಫೆಸರನ ಮುಖ!

ಮುದುಕನ ಕಣ್ಣು ಮಿಂಚಿತು. ಇಪ್ಪತ್ತು ವರ್ಷ ಊರಿನ ಸುಳ್ಳನ್ನೆಲ್ಲ ಬರೆದ ಕೈ. ನಿಂತಲ್ಲೇ ಹೇಳುತ್ತಾ ಹೋದ, ಫೋರ್‌ಮನ್ ನಗುತ್ತಾ ಮೊಳೆ ಜೋಡಿಸಿದ. ನಾನು ಅತ್ತೆಯ ಕಾಗದವನ್ನು ಒಳಜೇಬಿಗೆ ಸೇರಿಸಿದೆ.

ಮೆಷಿನ್ ಶುರುವಾದಾಗ ಪ್ರೊಫೆಸರ್ ಕುಂಟುತ್ತಾ ಬಂದ. ಮೊದಲ ಹಾಳೆ ಎಳೆದುಕೊಂಡು ಓದಿದ. ತನ್ನದೇ ಮುಖ. ಕೆಳಗೆ: "ಹತ್ತು ವರ್ಷ ನಾನು ಚರಂಡಿಯಲ್ಲಿ ಬಿದ್ದಿದ್ದೆ! ನನ್ನ ಹೆಂಡತಿ ಕಾಫಿಗೆ ಬೆರೆಸಿದ ಪುಡಿ ನನ್ನನ್ನು ಎಬ್ಬಿಸಿತು! ಅಂದೇ ಈ ಕಂಪನಿ ಹುಟ್ಟಿತು!"

"ನಿಲ್ಲಿಸ್ರೀ! ಇದು ಮೋಸ!"

"ನಿಮ್ಮ ಲೇಡಿ ಡಾಕ್ಟರದೇ ಸಹಿ ಇದೆ," ಎಂದ ಫೋರ್‌ಮನ್. "ಅವರು ಹೆಂಗಸೇ ಅಲ್ಲ, ಡಾಕ್ಟರೂ ಅಲ್ಲ ಅಂತೀರಾ? ಹೇಳಿ, ಅದನ್ನೇ ಮುಖಪುಟದಲ್ಲಿ ಹಾಕ್ತೀನಿ."

ಪ್ರೊಫೆಸರ್ ಹಾಳೆ ಮುದುರಿ ಜೇಬಿಗೆ ತುರುಕಿ, ಕುಂಟುತ್ತಲೇ ಹೊರಟುಹೋದ. ಮುದುಕ ಆಮೇಲೆ ಅದೇ ಪೇಪರಿನಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದ.

ಭಾನುವಾರ ಬೆಳಿಗ್ಗೆ ಅತ್ತೆಯ ಮನೆ. ಮಾವ ಪೇಪರ್ ಹಿಡಿದು ಕೂತಿದ್ದರು.

"ಕೇಳಿದ್ರಾ ಅಳಿಯಂದ್ರೇ? ಈ ಪ್ರೊಫೆಸರಿಗೆ ಹೆಂಡತಿ ಕಾಫೀಲಿ ಪುಡಿ ಹಾಕಿ ಕುಡಿತ ಬಿಡಿಸಿದ್ಳಂತೆ! ಥೂ, ಏನ್ ಜನಾನೋ! ಮನಸ್ಸು ಗಟ್ಟಿ ಮಾಡೋಕೇನು ಧಾಡಿ?"

ನಾನು ಅಡುಗೆಮನೆಗೆ ಹೋಗಿ ಅತ್ತೆಗೆ ಕಾಗದ ಕೊಟ್ಟೆ. ಒಲೆಗೆ ಹಾಕಿದರು. ಅವರ ಕೈ ಆಗಲೇ ಪುಡಿಯ ಡಬ್ಬಿಗೆ ಹೋಗಿತ್ತು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಅದು ಬರೀ ಸಕ್ಕರೆ."

"ಏನಂದ್ರಿ?"

"ಸಕ್ಕರೆ. ಬರೆದುಕೊಟ್ಟವರೇ ಹೇಳಿದ್ರು."

ಅತ್ತೆ ಚಮಚ ಕೆಳಗಿಟ್ಟರು. "ಹಾಗಾದ್ರೆ... ಬಿಟ್ಟಿದ್ದು ಅವರೇನಾ?"

"ಅವರೇ."

ಬಾಗಿಲ ಸಂದಿಯಿಂದ ಗಂಡನನ್ನು ನೋಡುತ್ತಾ ನಿಂತರು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಒಂದು ದಿನ ಪುಡಿ ತಪ್ಪಿದ್ರೆ ಏನಾಗುತ್ತೋ ಅಂತ ಮೂರು ವರ್ಷ ನಾನು ಈ ಹೊಸಲು ದಾಟಿ ಒಂದು ರಾತ್ರಿ ಕಳೆದಿಲ್ಲ ಅಳಿಯಂದ್ರೇ. ನಮ್ಮಕ್ಕನ ಮಗಳ ಮದುವೆಗೂ ಹೋಗ್ಲಿಲ್ಲ."

ಕಣ್ಣೊರೆಸಿಕೊಂಡರು. ಅಟ್ಟದಿಂದ ಟ್ರಂಕ್ ಇಳಿಸಿದರು.

"ಎಲ್ಲಿಗೇ ಹೊರಟೆ?" ಮಾವ ಗಾಬರಿಯಾಗಿ ಎದ್ದರು.

"ಅಕ್ಕನ ಮನೆಗೆ. ಒಂದು ತಿಂಗಳು."

"ನನ್ನ ಕಾಫಿ?"

"ಮನಸ್ಸು ಗಟ್ಟಿ ಮಾಡಿ, ನೀವೇ ಮಾಡ್ಕೊಳಿ!"

ಹೊರಟೇಹೋದರು. ಸಂಜೆಗೆ ಮಾವ ಹಾಸಿಗೆ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಬೆಳಿಗ್ಗೆ ಭಾಷಣ, ಊಟಕ್ಕೆ ಕೂತರೆ ಭಾಷಣ, ಮಲಗಿದರೂ ಭಾಷಣ... ಇಡೀ ಒಂದು ತಿಂಗಳು! ಆ ಮನುಷ್ಯ ಒಂದು ತೊಟ್ಟೂ ಮುಟ್ಟಲಿಲ್ಲ.

ನಾನು ಕುಡಿಯಲು ಕಲಿತದ್ದು ಆ ತಿಂಗಳೇ!