ಚೀಲದಿಂದ ಹೊರಬಿದ್ದ ನೀರು

ಎದುರಿಗೆ ಬಂದವರಿಗೆ ಎದ್ದು ನಿಲ್ಲದ ಗಂಡಸು ಅರಬರ ಗುಡ್ಡಗಾಡಿನ ನಮ್ಮ ಹಿಜ್ಜಾ ಊರಿನಲ್ಲಿ ಇಲ್ಲ. ಜ್ವರ ಬಂದು ಮಲಗಿದವನೂ ಗೋಡೆ ಹಿಡಿದು ಎದ್ದೇ ಸಲಾಂ ಹೇಳುತ್ತಾನೆ. ಅದಕ್ಕೇ ಮೇಕೆ ಕಾಯುವ ಮುಸಬ್ಬಾ ಸಂಜೆ ಮನೆಗೆ ಬಂದವನು, ಮಾತಿನ ಮಧ್ಯೆ, "ನಿಮ್ಮಣ್ಣ ಜಹ್ರಾನ್ ಕೂತ್ಕೊಂಡೇ ಸಲಾಂ ಹೇಳ್ದ" ಎಂದಾಗ ಜುವೈನಾಳ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

"ಯಾವಾಗ ನೋಡಿದ್ದು?"

"ಇವತ್ತು ಬೆಳಿಗ್ಗೆ. ಮೇಲಿನ ದಾರೀಲಿ ಮೇಕೆ ಹೊಡ್ಕೊಂಡು ಬರ್ತಿದ್ದೆ. ಕೆಳಗೆ ಜೇನುಪೆಟ್ಟಿಗೆ ಇಡೋ ಬಂಡೆ ಮೇಲೆ ಕೂತಿದ್ದ. ಏನು ಸುದ್ದಿ ಅಂತ ಕೇಳ್ದೆ. ಏನೂ ಇಲ್ಲ, ಎಲ್ಲ ಕ್ಷೇಮ ಅಂದ."

"ನೀನು ನಂಬಿಕೊಂಡು ಬಂದೆ."

"ಅಕ್ಕಾ, ಎಲ್ರೂ ಹಾಗೇ ತಾನೇ ಅನ್ನೋದು?"

ಹೌದು, ಎಲ್ಲರೂ ಹಾಗೇ ಅನ್ನುತ್ತಾರೆ, ಸಿಟ್ಟು ಬರುವುದೂ ಅದಕ್ಕೇ. ನಮ್ಮಲ್ಲಿ ಇಬ್ಬರು ಎದುರಾದರೆ ಒಬ್ಬ ಸುದ್ದಿ ಕೇಳಬೇಕು, ಇನ್ನೊಬ್ಬ ಎಲ್ಲ ಕ್ಷೇಮ ಎನ್ನಬೇಕು. ಮೂರು ಸಲ ಹೀಗೆ ಆಡಿದ ಮೇಲೆಯೇ ನಿಜವಾದ ಸುದ್ದಿಗೆ ಬರುವುದು ಮರ್ಯಾದೆ. ಮುಸಬ್ಬಾನ ಮೇಕೆಗಳು ಮುಂದೆ ಓಡಿದ್ದವು, ಅವನು ಒಂದೇ ಸಲ ಕೇಳಿ ಹೊರಟುಬಿಟ್ಟ. ಜಹ್ರಾನ್ ಹಿಂದಿನಿಂದ ಕೂಗಿ ಕರೆಯಲಿಲ್ಲ. ಬಿಗುಮಾನ!

ಜುವೈನಾ ಪೊಲೀಸರಿಗೆ ಫೋನು ಮಾಡಿಸಿದಳು. ರಕ್ಷಣಾ ತಂಡ ನಗರದಿಂದ ಹೊರಟು ಕಣಿವೆಯ ಬಾಯಿಗೆ ಬರುವಾಗ ಮರುದಿನ ಮಧ್ಯಾಹ್ನವಾಗುತ್ತದಂತೆ. ಅಣ್ಣ ಜೇನುಪೆಟ್ಟಿಗೆ ನೋಡಲು ಕಣಿವೆಗೆ ಹೋಗುವಾಗ ಒಯ್ದದ್ದು ಒಂದು ದಿನದ ನೀರು, ಹೋಗಿ ಎರಡು ದಿನವಾಗಿತ್ತು. ಇದು ಜೂನ್ ತಿಂಗಳು. ಇನ್ನೊಂದು ಮಧ್ಯಾಹ್ನ ನೀರಿಲ್ಲದೆ ಆ ಬಂಡೆಯ ಮೇಲೆ ಕೂತರೆ ಅವನು ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಬೆಳಕು ಹರಿಯುವ ಮೊದಲೇ ಅವಳು ಚಾಪೆಯ ಮೇಲೆ ಸಾಮಾನು ಹರಡಿದಳು. ಎಲ್ಲಕ್ಕಿಂತ ಮೊದಲು ನೀರು, ದೊಡ್ಡ ಬಾಟಲಿ ಎಂಟು. ಖರ್ಜೂರದ ಮರ ಹತ್ತುವವರ ಹಗ್ಗ. ಕಾಲು ಮುರಿದಿದ್ದರೆ ಕಟ್ಟಲು ಎರಡು ಮರದ ಪಟ್ಟಿ, ಹಳೆಯ ಹತ್ತಿಬಟ್ಟೆ. ಉಪ್ಪು, ಸಕ್ಕರೆ, ಒಂದು ಹಿಡಿ ಖರ್ಜೂರ, ಚಾಕು. ಎಲ್ಲವನ್ನೂ ಗಂಡ ಖಲ್ಫಾನನ ದೊಡ್ಡ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನಮಾಜಿಗೆ ಹೋದಳು.

ಮೂವರೂ ಹೊರಟರು. ಮುಂದೆ ಮುಸಬ್ಬಾ, ನಡುವೆ ಜುವೈನಾ, ಹಿಂದೆ ಚೀಲ ಹೊತ್ತ ಖಲ್ಫಾನ್. ಒಬ್ಬೊಬ್ಬರ ಸೊಂಟದಲ್ಲಿ ಒಂದೊಂದು ಸಣ್ಣ ಬಾಟಲಿ.

ಕಣಿವೆಯ ಎರಡೂ ಕಡೆ ಕಲ್ಲಿನ ಗೋಡೆ ಎದ್ದಿತ್ತು, ಮೇಲೆ ಅಂಗೈ ಅಗಲದ ಆಕಾಶ. ಹದಿನೈದು ದಿನಗಳ ಹಿಂದೆ ಬಂದ ಪ್ರವಾಹ ಮನೆಗಾತ್ರದ ಬಂಡೆಗಳನ್ನು ಉರುಳಿಸಿ, ಬೇರುಸಮೇತ ಕಿತ್ತ ಬೋರೆಮರಗಳನ್ನು ಅವುಗಳ ಸಂದಿಗೆ ತುರುಕಿ ಹೋಗಿತ್ತು. ದಾರಿ ಎನ್ನುವುದೇ ಉಳಿದಿರಲಿಲ್ಲ. ಬಂಡೆ ಹತ್ತಿ, ಇಳಿದು, ಮರದ ಕೆಳಗೆ ತೆವಳಿ ಅವರು ಮೂರು ತಾಸು ನಡೆದರು. ಬಿಸಿಲು ಗೋಡೆಯಿಂದ ಕೆಳಗಿಳಿಯತೊಡಗಿತು, ಸಣ್ಣ ಬಾಟಲಿಗಳು ಖಾಲಿಯಾದವು.

"ಚೀಲದಿಂದ ಒಂದು ಬಾಟಲಿ ಕೊಡಿ. ಮೂರು ಜನಕ್ಕೂ ಒಂದೊಂದು ಗುಟುಕು ಸಾಕು. ಉಳಿದಿದ್ದು ಅಣ್ಣನಿಗೆ" ಎಂದಳು ಜುವೈನಾ.

ಖಲ್ಫಾನ್ ಚೀಲ ಇಳಿಸಲಿಲ್ಲ. "ಇನ್ನೇನು, ತಿರುವಿನಾಚೆ ಕೊಳ ಇದೆಯಲ್ಲ. ಅಲ್ಲೇ ಕುಡಿಯೋಣ."

ಅವಳೇ ಚೀಲದ ಬಾಯಿ ಬಿಚ್ಚಿದಳು. ಕಾಫಿಯ ದೊಡ್ಡ ಫ್ಲಾಸ್ಕು. ಬಟ್ಟೆಯಲ್ಲಿ ಸುತ್ತಿದ ಆರು ಪಿಂಗಾಣಿ ಬಟ್ಟಲು. ಒಂದು ಡಬ್ಬಿ ಹಲ್ವಾ. ಹಗ್ಗ, ಪಟ್ಟಿ, ಉಪ್ಪು, ಸಕ್ಕರೆ ಹಾಗೇ ಇವೆ, ನೀರಿನ ಬಾಟಲಿ ಒಂದೂ ಇಲ್ಲ.

"ಏನ್ರೀ ಇದು?"

"ಸುಲೈಮಾನನಮ್ಮ, ಕೇಳು" ಎಂದು ಖಲ್ಫಾನ್ ಎಂದಿನಂತೆ ಮಗನ ಹೆಸರು ಹಿಡಿದೇ ಹೆಂಡತಿಯನ್ನು ಕರೆದ. " ಆ ಕೊಳ ನಮ್ಮ ಅಜ್ಜನ ಕಾಲದಿಂದ ಬತ್ತಿಲ್ಲ. ಅಲ್ಲಿಗೆ ಊರಿಂದ ನೀರು ಹೊತ್ಕೊಂಡು ಹೋದ್ರೆ ಜನ ನಗ್ತಾರೆ. ನಿಮ್ಮಣ್ಣ ನನಗಿಂತ ಹಿರಿಯ, ಅವನ ಹತ್ರ ಕಾಫಿ ಇಲ್ಲದೆ ಹೇಗೆ ಹೋಗ್ಲಿ?"

"ಅವನು ಅಲ್ಲಿ ಸಾಯ್ತಿದಾನೆ. ನೀವು ಮದುವೆಗೆ ಹೊರಟಿದೀರಾ?"

ತಿರುವು ದಾಟಿದರು. ಕೊಳ ಇರಲಿಲ್ಲ. ಆಳೆತ್ತರದ ನೀರು ನಿಲ್ಲುತ್ತಿದ್ದ ಜಾಗದಲ್ಲಿ ಪ್ರವಾಹ ತಂದು ಸುರಿದ ಜಲ್ಲಿಕಲ್ಲು, ಅಂಚಿನ ತನಕ, ಒಣಗಿ ಬೆಳ್ಳಗೆ. ಮುಸಬ್ಬಾ ಮಂಡಿಯೂರಿ ಮೊಣಕೈ ಆಳಕ್ಕೆ ತೋಡಿದ. ತೇವವೂ ಸಿಗಲಿಲ್ಲ. ಖಲ್ಫಾನನ ಮುಖದ ಬಣ್ಣ ಹೋಯಿತು.

ಜುವೈನಾಳಿಗೆ ಮೈಯೆಲ್ಲ ಉರಿಯಿತು. ಗಂಡನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ, ಅದಕ್ಕೂ ಹೊತ್ತಿರಲಿಲ್ಲ. ತಲೆಯೆತ್ತಿ ಎಡಗಡೆಯ ಗೋಡೆ ನೋಡಿದಳು. ಮೂರಾಳೆತ್ತರದಲ್ಲಿ ಒಂದು ಸಂದು, ಅದರ ಕೆಳಗೆ ಹಸಿರು ಪಾಚಿ.

"ಅಲ್ಲಿ ನೀರು ತೊಟ್ಟಿಕ್ಕುತ್ತೆ. ಹುಡುಗಿಯಾಗಿದ್ದಾಗ ಹತ್ತಿದ್ದೆ."

"ಈಗ ನಿನಗೆ ನಲವತ್ತೈದು" ಎಂದ ಖಲ್ಫಾನ್.

"ಬಾಯಿ ಮುಚ್ಕೊಂಡು ಹಗ್ಗ ಹಿಡೀರಿ."

ಫ್ಲಾಸ್ಕಿನ ಮುಚ್ಚಳ ತೆಗೆದು ಕಾಫಿಯನ್ನು ಕಲ್ಲಿನ ಮೇಲೆ ಚೆಲ್ಲಿದಳು. ಏಲಕ್ಕಿಯ ಪರಿಮಳ ಕಣಿವೆಯೆಲ್ಲ ತುಂಬಿತು. ಖಲ್ಫಾನ್ ಕಣ್ಣು ಬೇರೆ ಕಡೆ ತಿರುಗಿಸಿದ.

ಹಗ್ಗದ ತುದಿಯನ್ನೂ ಖಾಲಿ ಫ್ಲಾಸ್ಕನ್ನೂ ಸೊಂಟಕ್ಕೆ ಕಟ್ಟಿಕೊಂಡು ಅವಳು ಹತ್ತಿದಳು. ಬೆರಳಿಗೆ ಸಂದು, ಕಾಲಿಗೆ ಅಂಚು. ಎರಡಾಳೆತ್ತರದಲ್ಲಿ ಕಾಲಡಿಯ ಕಲ್ಲು ಕಿತ್ತು ಬಂತು.

ಹಗ್ಗವನ್ನು ಮೇಲೆ ಎಲ್ಲಿಗೂ ಕಟ್ಟಿರಲಿಲ್ಲ. ಎರಡೂ ಕೈಯಲ್ಲಿ ಜೋತುಬಿದ್ದಳು. ಸೊಂಟದ ಫ್ಲಾಸ್ಕು ಬಂಡೆಗೆ ಬಡಿಯಿತು.

"ಬಲಗಾಲು ಮೇಲೆ, ಅಕ್ಕಾ, ಇನ್ನೂ ಮೇಲೆ" ಎಂದು ಮುಸಬ್ಬಾ ಕೆಳಗಿನಿಂದ ಹೇಳಿದ.

ಕಾಲಿಗೆ ಅಂಚು ಸಿಕ್ಕಿತು. ಮೈಯನ್ನು ಸಂದಿಗೆ ಎಳೆದುಕೊಂಡಳು. ಹಗ್ಗವನ್ನು ಒಂದು ಕಲ್ಲಿಗೆ ಬಿಗಿದು, ಪಾಚಿಯ ಕೆಳಗೆ ಫ್ಲಾಸ್ಕು ಹಿಡಿದಳು. ಒಂದು ಹನಿ. ಆಮೇಲೆ ಇನ್ನೊಂದು. ಅಣ್ಣನ ಆಯುಷ್ಯ ಹೀಗೆ ತೊಟ್ಟುತೊಟ್ಟಾಗಿ ಬೀಳುತ್ತಿದ್ದರೆ ಬಿಸಿಲು ಮಾತ್ರ ಓಡುತ್ತಿತ್ತು. ಫ್ಲಾಸ್ಕು ತುಂಬಲು ಮುಕ್ಕಾಲು ತಾಸು ಬೇಕಾಯಿತು. ಅವಳು ಬೆರಳು ಸಹ ನೆಕ್ಕಲಿಲ್ಲ.

ಜೇನುಬಂಡೆ ತಲುಪಿದಾಗ ಹತ್ತೂವರೆ. ಜಹ್ರಾನ್ ಖಾಲಿ ಪೆಟ್ಟಿಗೆಯೊಂದರ ನೆರಳಿಗೆ ತಲೆಯಿಟ್ಟು ಬಿದ್ದಿದ್ದ. ಎಡಗಾಲು ಮಂಡಿಯ ಕೆಳಗೆ ಸೊಟ್ಟಗಾಗಿ ಊದಿತ್ತು, ತುಟಿ ಸೀಳಿತ್ತು. ಇವರನ್ನು ಕಂಡವನೇ ಮೊಣಕೈ ಊರಿ ಏಳಲು ನೋಡಿದ.

"ಎದ್ದರೆ ನಾನೇ ಕೆಳಗೆ ತಳ್ತೀನಿ" ಎಂದಳು ತಂಗಿ.

ಉಪ್ಪು ಸಕ್ಕರೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದಳು. ಅವನ ಗಂಟಲು ಮೊದಲು ತೆಗೆದುಕೊಳ್ಳಲಿಲ್ಲ, ಆಮೇಲೆ ತೆಗೆದುಕೊಂಡಿತು. ಕಾಲಿಗೆ ಪಟ್ಟಿ ಕಟ್ಟುವಾಗ ಅವಳ ಬಾಯಿ ನಿಲ್ಲಲಿಲ್ಲ.

"ಮುಸಬ್ಬಾ ಕೂಗಳತೆಯಲ್ಲಿದ್ದ. ಕಾಲು ಮುರೀತು ಅಂತ ಎರಡು ಮಾತು ಬರ್ಲಿಲ್ವಾ ನಿನ್ನ ಬಾಯಿಗೆ?"

"ಅವನು ಹೊರಟಿದ್ದ. ಕೂಗೋಕೆ ನಾಚಿಕೆ ಆಯ್ತು."

"ನನಗಿರೋದು ಒಬ್ನೇ ಅಣ್ಣ. ನಿನ್ನ ನಾಚಿಕೆ ಇಟ್ಕೊಂಡು ನಾನೇನು ಮಾಡ್ಲಿ?" ಅವಳಿಗೆ ಅಳು ಬಂತು. ಅಳುತ್ತಲೇ ಗಂಟು ಬಿಗಿದಳು.

ಖಲ್ಫಾನ್ ಬೆನ್ನು ಕೊಟ್ಟು ಕೂತ. ಜಹ್ರಾನನನ್ನು ಹಗ್ಗದಿಂದ ಅವನ ಬೆನ್ನಿಗೆ ಕಟ್ಟಿದರು. ಮುಸಬ್ಬಾ ಮುಂದೆ ಹೋಗಿ ಕಾಲಿಡುವ ಜಾಗ ತೋರಿಸುತ್ತಿದ್ದ.

ಕೊಳವಿದ್ದ ಜಾಗದ ಮೇಲಿನ ಇಳಿಜಾರಿನಲ್ಲಿ ಜಲ್ಲಿ ಜಾರಿತು. ಖಲ್ಫಾನ್ ಮುಗ್ಗರಿಸಿದ. ಜಹ್ರಾನನ ಕಾಲು ಹಿಡಿದಿದ್ದ ಕೈ ಬಿಟ್ಟು ನೆಲಕ್ಕೆ ಊರಿದ್ದರೆ ಆ ಕಾಲು ಕಲ್ಲಿಗೆ ಬಡಿಯುತ್ತಿತ್ತು. ಅವನು ಕೈ ಬಿಡಲಿಲ್ಲ. ಎರಡೂ ಮಂಡಿಯ ಮೇಲೆ ಬಿದ್ದು, ಮಂಡಿಯ ಮೇಲೆಯೇ ನಾಲ್ಕು ಮಾರು ಜಾರಿ ನಿಂತ. ಮುಸಬ್ಬಾ ತೋಳು ಹಿಡಿದು ಎತ್ತಿದ. ನಿಲುವಂಗಿಯ ಮುಂಭಾಗ ಕೆಂಪಾಗಿತ್ತು.

"ನಡೀರಿ, ಏನೂ ಆಗಿಲ್ಲ" ಎಂದ ಖಲ್ಫಾನ್. ಕಣಿವೆಯ ಬಾಯಿಯ ತನಕ ಎಲ್ಲೂ ಕೂರಲಿಲ್ಲ.

ಅಲ್ಲಿ ರಕ್ಷಣಾ ತಂಡದ ಗಾಡಿ ಆಗಷ್ಟೇ ಬಂದು ನಿಂತಿತ್ತು. ಸಂಜೆ ಆಸ್ಪತ್ರೆಯಲ್ಲಿ ವೈದ್ಯರು, ನೀರು ಹೊತ್ತಿಗೆ ಸಿಕ್ಕಿದ್ದರಿಂದ ಜೀವ ಉಳಿಯಿತು, ಕಾಲು ಎರಡು ತಿಂಗಳಲ್ಲಿ ಕೂಡುತ್ತದೆ ಎಂದರು.

ಜುವೈನಾ ಗಂಡನ ಜೊತೆ ಮಾತು ಬಿಟ್ಟಳು. ಒಂದು ವಾರ ಊಟ ಬಡಿಸಿದ್ದೂ ಮಾತಿಲ್ಲದೆ, ದಿನಕ್ಕೆ ಎರಡು ಸಲ ಅವನ ಮಂಡಿ ತೊಳೆದು ಔಷಧ ಹಚ್ಚಿದ್ದೂ ಮಾತಿಲ್ಲದೆ. ಎಂಟನೆಯ ದಿನ ಔಷಧ ಗಾಯಕ್ಕೆ ತಾಗಿದಾಗ ಖಲ್ಫಾನ್ ಹಲ್ಲು ಕಚ್ಚಿ ಗೋಡೆ ನೋಡುತ್ತ ಕೂತಿದ್ದ. ಅವಳು ಕೈ ನಿಲ್ಲಿಸಿದಳು.

"ಉರೀತಿದ್ಯಾ?"

"ಇಲ್ಲ" ಎಂದ. ಅವಳು ಕೈ ತೆಗೆಯದೆ ಕಾದಳು.

"ಉರೀತಿದೆ" ಎಂದ ಖಲ್ಫಾನ್. "ತುಂಬ ಉರೀತಿದೆ."

ಅವಳು ಬಗ್ಗಿ ಗಾಯದ ಮೇಲೆ ಮೆಲ್ಲಗೆ ಊದಿದಳು.